ಆರು ಚುಕ್ಕೆಗಳ ಅಕ್ಷರಲೋಕ: ಲೂಯಿ ಬ್ರೈಲ್ ಅವರ ಬದುಕು

ಲೂಯಿ ಬ್ರೈಲ್ ಎಂಬ ಹೆಸರನ್ನು ಕೇಳದ ವಿದ್ಯಾರ್ಥಿಗಳು ವಿರಳ. ಅಂಧರ ಲಿಪಿಯನ್ನು ಕಂಡುಹಿಡಿದವರು ಯಾರು ಎಂಬ ಪ್ರಶ್ನೆ ಸಾಮಾನ್ಯ ಜ್ಞಾನದ ಪರೀಕ್ಷೆಗಳಲ್ಲಿ ಬಂದೇ ಬರುತ್ತದೆ. ಮಕ್ಕಳು ಹೆಸರು ಬರೆಯುತ್ತಾರೆ, ಒಂದು ಅಂಕ ಸಿಗುತ್ತದೆ, ಅಲ್ಲಿಗೆ ವಿಷಯ ಮುಗಿಯುತ್ತದೆ. ಆದರೆ ಆ ಲಿಪಿಯನ್ನು ರೂಪಿಸಿದಾಗ ಬ್ರೈಲ್‌ಗೆ ಕೇವಲ 15 ವರ್ಷ ವಯಸ್ಸಾಗಿತ್ತು ಎಂಬುದು, ಅವರು ಕಲಿತ ಶಾಲೆಯೇ ಅದನ್ನು ಅಧಿಕೃತವಾಗಿ ಒಪ್ಪಲು 30 ವರ್ಷ ಹಿಡಿಯಿತು ಎಂಬುದು, ಅಷ್ಟರಲ್ಲಿ ಅವರೇ ಬದುಕಿರಲಿಲ್ಲ ಎಂಬುದು ಹೆಚ್ಚಿನವರಿಗೆ ತಿಳಿಯದು.

ಇಂದು ಮೊಬೈಲ್, ಕಂಪ್ಯೂಟರ್, ಎ.ಟಿ.ಎಂ. ಮುಂತಾದವುಗಳನ್ನು ತಯಾರಿಸುವವರು ಮೊದಲು ಅವುಗಳನ್ನು ಬಳಸುವ ಜನರ ಅಗತ್ಯವನ್ನು ಅರಿಯಬೇಕು ಎಂದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠ ಹೇಳುತ್ತಾರೆ. ಈ ಪಾಠವನ್ನು ಎರಡು ಶತಮಾನಗಳ ಹಿಂದೆಯೇ ಮಾಡಿ ತೋರಿಸಿದವರು ಲೂಯಿ ಬ್ರೈಲ್. ಆದ್ದರಿಂದ ಅವರ ಬದುಕನ್ನು ವಿದ್ಯಾರ್ಥಿಗಳ ಜೊತೆಗೆ ಶಿಕ್ಷಕರಾದ ನಾವೂ, ಪೋಷಕರೂ ತಿಳಿಯುವುದು ಒಳ್ಳೆಯದು.

ಬಾಲ್ಯ ಮತ್ತು ಅಪಘಾತ

ಲೂಯಿ 1809ರ ಜನವರಿ 4ರಂದು ಫ್ರಾನ್ಸ್ ದೇಶದ ರಾಜಧಾನಿ ಪ್ಯಾರಿಸ್‌ಗೆ ಹತ್ತಿರದ ಕೂವ್ರೆ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಸಿಮೋನ್ ರೆನೆ, ತಾಯಿ ಮೊನಿಕ್. ನಾಲ್ಕು ಮಕ್ಕಳಲ್ಲಿ ಇವನೇ ಕಿರಿಯವನು. ತಂದೆಯದು ಕುದುರೆಗಳಿಗೆ ಜೀನು, ಕಡಿವಾಣ, ಚರ್ಮದ ಪಟ್ಟಿಗಳನ್ನು ಹೊಲಿದು ಕೊಡುವ ಕಸುಬು. ನಮ್ಮ ಊರುಗಳಲ್ಲಿ ಜಟಕಾ ಗಾಡಿಗಳ ಕಾಲವನ್ನು ಕಂಡ ಹಿರಿಯರಿಗೆ ಈ ಕಸುಬು ಹೊಸದಲ್ಲ.

1812ರಲ್ಲಿ ಲೂಯಿಗೆ ಮೂರು ವರ್ಷ. ತಂದೆಯ ಕೆಲಸದ ಕೋಣೆಗೆ ಹೋದ ಮಗು, ಅಲ್ಲಿದ್ದ ಚರ್ಮಕ್ಕೆ ತೂತು ಹಾಕುವ ಚೂಪು ಮೊನೆಯ ಉಪಕರಣವನ್ನು ಕೈಗೆತ್ತಿಕೊಂಡು ಆಟವಾಡತೊಡಗಿತು. ಅದು ಜಾರಿ ಒಂದು ಕಣ್ಣಿಗೆ ಚುಚ್ಚಿತು. ಗಾಯಕ್ಕೆ ನಂಜು ಏರಿತು. ಆ ಕಾಲದಲ್ಲಿ ನಂಜನ್ನು ತಡೆಯುವ ಔಷಧಿಗಳು ಇರಲಿಲ್ಲ. ನಂಜು ಇನ್ನೊಂದು ಕಣ್ಣಿಗೂ ಹರಡಿತು. ಐದು ವರ್ಷ ತುಂಬುವ ಹೊತ್ತಿಗೆ ಲೂಯಿಯ ಎರಡೂ ಕಣ್ಣುಗಳ ದೃಷ್ಟಿ ಸಂಪೂರ್ಣವಾಗಿ ಹೋಗಿತ್ತು.

ಆಗಿನ ಯೂರೋಪಿನಲ್ಲಿ ಬಡವರ ಮನೆಯ ಅಂಧ ಮಗುವಿಗೆ ಭಿಕ್ಷೆಯೇ ಗತಿ ಎಂಬ ಸ್ಥಿತಿ ಇತ್ತು. ಸಿಮೋನ್ ಮತ್ತು ಮೊನಿಕ್ ಹಾಗಾಗಲು ಬಿಡಲಿಲ್ಲ. ತಂದೆ ಮಗನಿಗಾಗಿ ಊರುಗೋಲುಗಳನ್ನು ಕೆತ್ತಿಕೊಟ್ಟರು. ಕೋಲನ್ನು ನೆಲಕ್ಕೆ ತಟ್ಟುತ್ತಾ, ಅದರ ಸದ್ದು ಕೇಳುತ್ತಾ ಮಗು ಹಳ್ಳಿಯ ದಾರಿಗಳನ್ನೆಲ್ಲ ಕಲಿತುಕೊಂಡಿತು. ಹಲಗೆಯ ಮೇಲೆ ಗುಂಡುತಲೆಯ ಮೊಳೆಗಳನ್ನು ಅಕ್ಷರದ ಆಕಾರದಲ್ಲಿ ಹೊಡೆದು, ಬೆರಳಿನಿಂದ ಮುಟ್ಟಿಸಿ ತಂದೆ ಅಕ್ಷರ ಕಲಿಸಿದರೆಂದೂ ಹೇಳುತ್ತಾರೆ. ಊರಿನ ಪಾದ್ರಿ ಜಾಕ್ ಪಲ್ಯುಯಿ ಹುಡುಗನ ಬುದ್ಧಿಯನ್ನು ಗುರುತಿಸಿ ಪಾಠ ಹೇಳಿದರು. ಹಳ್ಳಿಯ ಶಾಲಾ ಮಾಸ್ತರರಾದ ಆಂತ್ವಾನ್ ಬೆಶೆರೆ ಅವನನ್ನು ಉಳಿದ ಮಕ್ಕಳ ಜೊತೆಯಲ್ಲೇ ತರಗತಿಯಲ್ಲಿ ಕೂರಿಸಿಕೊಂಡರು. ವಿಶೇಷ ಅಗತ್ಯವುಳ್ಳ ಮಗು ಸಾಮಾನ್ಯ ಶಾಲೆಯಲ್ಲೇ ಕಲಿಯಬೇಕು ಎಂದು ಇಂದು ನಾವು ಹೇಳುವ ಸಮನ್ವಯ ಶಿಕ್ಷಣ ಇದೇ ತಾನೇ? ಕೇಳಿದ ಪಾಠವನ್ನೆಲ್ಲ ಲೂಯಿ ನೆನಪಿನಲ್ಲಿಟ್ಟುಕೊಂಡು ಒಪ್ಪಿಸುತ್ತಿದ್ದನು. ಆದರೆ ಸಹಪಾಠಿಗಳು ಪುಸ್ತಕ ತೆರೆದ ಕೂಡಲೇ ಅವನು ಸುಮ್ಮನೆ ಕೂರಬೇಕಾಗುತ್ತಿತ್ತು.

ಪ್ಯಾರಿಸ್‌ನ ಶಾಲೆ

1819ರಲ್ಲಿ, ಹತ್ತು ವರ್ಷದ ಲೂಯಿಗೆ ಪ್ಯಾರಿಸ್‌ನ ರಾಜಕೀಯ ಅಂಧಬಾಲಕರ ಸಂಸ್ಥೆಯಲ್ಲಿ ವಿದ್ಯಾರ್ಥಿವೇತನದೊಂದಿಗೆ ಪ್ರವೇಶ ದೊರೆಯಿತು. ವಾಲೆಂತಿನ್ ಆಯಿ ಎಂಬ ಮಹನೀಯರು 1785ರ ಸುಮಾರಿಗೆ ಆರಂಭಿಸಿದ ಈ ಶಾಲೆ, ಅಂಧ ಮಕ್ಕಳಿಗಾಗಿ ಜಗತ್ತಿನಲ್ಲೇ ಮೊದಲು ತೆರೆದ ಶಾಲೆ ಎಂದು ಹೆಸರಾಗಿದೆ. ಹಳೆಯ ಕಟ್ಟಡ, ತೇವದ ಗೋಡೆ, ಸಾಧಾರಣ ಊಟ. ಆದರೂ ಅಲ್ಲಿ ಪುಸ್ತಕಗಳಿದ್ದವು.

ಆ ಪುಸ್ತಕಗಳನ್ನು ಆಯಿ ಅವರೇ ಕಂಡುಹಿಡಿದ ವಿಧಾನದಲ್ಲಿ ಮಾಡಲಾಗಿತ್ತು. ಒದ್ದೆ ಮಾಡಿದ ದಪ್ಪ ಕಾಗದವನ್ನು ದೊಡ್ಡ ದೊಡ್ಡ ಅಚ್ಚಿನ ಮೇಲೆ ಒತ್ತಿ, ಸಾಮಾನ್ಯ ಅಕ್ಷರಗಳೇ ಉಬ್ಬಿ ನಿಲ್ಲುವಂತೆ ಮಾಡುತ್ತಿದ್ದರು. ಮಕ್ಕಳು ಬೆರಳಿನಿಂದ ಒಂದೊಂದು ಅಕ್ಷರದ ಗೆರೆಯನ್ನೂ ತಡವಿ ಗುರುತಿಸಬೇಕಿತ್ತು. ಪುಸ್ತಕಗಳು ಭಾರ, ಬೆಲೆಯೂ ಹೆಚ್ಚು, ಸಂಖ್ಯೆಯಲ್ಲೂ ಕಡಿಮೆ. ಓದುವುದಂತೂ ಬಹಳ ನಿಧಾನ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲು ಮುಟ್ಟಿದ್ದು ಮರೆತುಹೋಗುತ್ತಿತ್ತು.

ಇದರ ಕಾರಣವನ್ನು ನಾವು ನಮ್ಮ ಅಕ್ಷರಗಳಿಂದಲೇ ಅರಿಯಬಹುದು. ಕನ್ನಡದ ಪ, ಷ, ಫ ಅಕ್ಷರಗಳನ್ನು ಅಥವಾ ಉರ್ದುವಿನ ಬೇ, ಪೇ, ತೇ ಅಕ್ಷರಗಳನ್ನು ರಟ್ಟಿನ ಮೇಲೆ ಉಬ್ಬಿಸಿ, ಕಣ್ಣು ಮುಚ್ಚಿ ತಡವಿ ನೋಡಿರಿ. ಕಣ್ಣಿಗೆ ಒಂದೇ ನೋಟಕ್ಕೆ ತಿಳಿಯುವ ವ್ಯತ್ಯಾಸ ಬೆರಳಿಗೆ ಸುಲಭವಾಗಿ ತಿಳಿಯದು. ಅಕ್ಷರಗಳ ತಿರುವು, ಕೊಂಬು, ನುಕ್ತಾ ಎಲ್ಲವೂ ಕಣ್ಣಿಗಾಗಿ ಬೆಳೆದು ಬಂದವು. ಅವನ್ನೇ ದಪ್ಪ ಮಾಡಿ ಅಂಧರ ಕೈಗೆ ಕೊಟ್ಟದ್ದು ಪ್ರೀತಿಯಿಂದಲೇ ಆದರೂ, ಅದನ್ನು ಮಾಡಿದವರು ಕಣ್ಣಿದ್ದವರು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಈ ವಿಧಾನದಲ್ಲಿ ಮಕ್ಕಳು ಕಷ್ಟಪಟ್ಟು ಓದಬಹುದಿತ್ತು, ಆದರೆ ತಾವಾಗಿ ಬರೆಯಲು ದಾರಿ ಇರಲಿಲ್ಲ. ಮನೆಗೆ ಒಂದು ಪತ್ರ ಬರೆಯಬೇಕಾದರೂ ಇನ್ನೊಬ್ಬರ ಕೈಯನ್ನೇ ನಂಬಬೇಕಿತ್ತು.

ಬಾರ್ಬಿಯೆಯ ಹನ್ನೆರಡು ಚುಕ್ಕೆಗಳು

1821ರಲ್ಲಿ ಶಾರ್ಲ್ ಬಾರ್ಬಿಯೆ ಎಂಬ ಮಾಜಿ ಸೈನ್ಯಾಧಿಕಾರಿ ತಾವು ರಚಿಸಿದ ಚುಕ್ಕೆಗಳ ಬರವಣಿಗೆಯನ್ನು ಈ ಸಂಸ್ಥೆಗೆ ಪರಿಚಯಿಸಿದರು. ಕತ್ತಲಲ್ಲಿ ದೀಪ ಹಚ್ಚದೆ ಸೈನಿಕರು ಸಂದೇಶ ಓದಲೆಂದು ಇದನ್ನು ರಚಿಸಿದರು ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಶಾಲೆಯ ಮುಖ ಕಾಣದ ಬಡವರೂ, ಅಂಧರೂ ಸುಲಭವಾಗಿ ಬರೆಯಲು ಕಲಿಯಲಿ ಎಂಬುದೇ ಅವರ ಮುಖ್ಯ ಉದ್ದೇಶವಾಗಿತ್ತು ಎಂದು ಇತ್ತೀಚಿನ ಸಂಶೋಧಕರು ತೋರಿಸಿದ್ದಾರೆ. ಏನೇ ಆಗಲಿ, ಕತ್ತಲಲ್ಲಿ ಗೆರೆಗಿಂತ ಚುಕ್ಕೆ ಬೆರಳಿಗೆ ಬೇಗ ತಿಳಿಯುತ್ತದೆ ಎಂಬ ಸತ್ಯ ಅವರಿಗೆ ಹೊಳೆದಿತ್ತು. ಚಿನ್ನದ ಗಣಿಯ ಆಳದಲ್ಲಿ ದುಡಿದ ನಮ್ಮ ಕೆ.ಜಿ.ಎಫ್.ನ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. 2001ರ ಫೆಬ್ರುವರಿಯಲ್ಲಿ ಮುಚ್ಚಿಹೋದ ಆ ಗಣಿಗಳಲ್ಲಿ, ಚಾಂಪಿಯನ್ ರೀಫ್‌ನಂತಹ ಕಡೆ ಮೂರು ಕಿಲೋಮೀಟರ್‌ಗೂ ಹೆಚ್ಚಿನ ಆಳದಲ್ಲಿ, ದೀಪ ಆರಿದರೆ ಕೈ ಮತ್ತು ಕಿವಿಗಳೇ ಕಣ್ಣು.

ಬಾರ್ಬಿಯೆಯ ಬರವಣಿಗೆಯಲ್ಲಿ ಒಂದು ಗುರುತಿಗೆ ಎರಡು ಸಾಲು, ಪ್ರತಿ ಸಾಲಿನಲ್ಲಿ ಆರರವರೆಗೆ ಚುಕ್ಕೆಗಳು. 36 ಧ್ವನಿಗಳ ಒಂದು ಕೋಷ್ಟಕವನ್ನು ಬಾಯಿಪಾಠ ಮಾಡಿಕೊಂಡು, ಚುಕ್ಕೆಗಳನ್ನು ಎಣಿಸಿ, ಇದು ಎಷ್ಟನೇ ಸಾಲಿನ ಎಷ್ಟನೇ ಧ್ವನಿ ಎಂದು ಲೆಕ್ಕ ಹಾಕಬೇಕಿತ್ತು. ಇದನ್ನು ಅಂಧರೇ ಸರಳ ಉಪಕರಣದಿಂದ ಬರೆಯಬಹುದಾಗಿತ್ತು. ಶಾಲೆಯ ಮಕ್ಕಳಿಗೆ ಇದರಿಂದ ಬಹಳ ಸಂತೋಷವಾಯಿತು. ಆದರೆ ದಿನವೂ ಬಳಸತೊಡಗಿದ ಮೇಲೆ ಲೂಯಿಗೆ ಅದರ ತೊಡಕುಗಳು ಒಂದೊಂದಾಗಿ ಕಾಣಿಸಿದವು.

ಮೊದಲನೆಯದು, ಗುರುತು ಬೆರಳ ತುದಿಗಿಂತ ಉದ್ದವಾಗಿತ್ತು. ಒಂದು ಅಕ್ಷರಕ್ಕೆ ಬೆರಳನ್ನು ಮೇಲೆ ಕೆಳಗೆ ಹಲವು ಬಾರಿ ಆಡಿಸಬೇಕು. ಎರಡನೆಯದು, ಅದು ಧ್ವನಿಯನ್ನು ಮಾತ್ರ ಬರೆಯುತ್ತಿತ್ತು, ಕಾಗುಣಿತವನ್ನು ಬರೆಯುತ್ತಿರಲಿಲ್ಲ. ಫ್ರೆಂಚ್ ಭಾಷೆಯಲ್ಲಿ ಉಚ್ಚಾರ ಒಂದು, ಬರೆಯುವ ರೀತಿ ಇನ್ನೊಂದು. ಧ್ವನಿ ಮಾತ್ರ ಕಲಿತವನು ಜೀವಮಾನವಿಡೀ ತಪ್ಪು ಬರೆಯುವವನಾಗಿಯೇ ಉಳಿಯುತ್ತಾನೆ. ಮೂರನೆಯದು, ಅಲ್ಪವಿರಾಮ, ಪೂರ್ಣವಿರಾಮ, ಅಂಕಿಗಳು, ಸಂಗೀತದ ಸ್ವರಗಳು ಯಾವುವೂ ಅದರಲ್ಲಿರಲಿಲ್ಲ.

ಹದಿಹರೆಯದ ವಿದ್ಯಾರ್ಥಿಯ ಈ ಸಲಹೆಗಳು ಹಿರಿಯ ಅಧಿಕಾರಿಗೆ ರುಚಿಸಲಿಲ್ಲ ಎಂಬ ಕಥೆಯಿದೆ. ಅಂಧರಿಗೆ ಧ್ವನಿಯ ಬರವಣಿಗೆಯೇ ಸಾಕು ಎಂಬುದು ಬಾರ್ಬಿಯೆಯ ನಿಲುವಾಗಿತ್ತು. ಸಾಕು, ಸಾಲದು ಎಂದು ಹೇಳುವ ಹಕ್ಕು ಕೊಡುವವನದೋ ಪಡೆಯುವವನದೋ ಎಂಬ ಪ್ರಶ್ನೆ ಇಲ್ಲಿಂದಲೇ ಆರಂಭವಾಯಿತು.

ಹನ್ನೆರಡರಿಂದ ಆರಕ್ಕೆ

ಲೂಯಿ ಮೂರು ವರ್ಷ ಈ ಕೆಲಸದಲ್ಲಿ ಮುಳುಗಿದನು. ಹಗಲು ಪಾಠ, ರಾತ್ರಿ ಚುಕ್ಕೆ. ರಜೆಗೆ ಹಳ್ಳಿಗೆ ಬಂದಾಗಲೂ ಕೈಯಲ್ಲಿ ಕಾಗದ ಮತ್ತು ಮೊನೆಯ ಕಡ್ಡಿ. ತನ್ನ ಕಣ್ಣನ್ನು ಕಸಿದ ಉಪಕರಣದ ಜಾತಿಗೇ ಸೇರಿದ ಮೊನೆಯಿಂದ ಅವನು ಕಾಗದದ ಮೇಲೆ ಅಕ್ಷರಗಳನ್ನು ಹುಡುಕುತ್ತಿದ್ದನು. 1824ರ ಹೊತ್ತಿಗೆ, 15ನೇ ವಯಸ್ಸಿನಲ್ಲಿ, ಲಿಪಿಯ ಮುಖ್ಯ ರೂಪ ಸಿದ್ಧವಾಯಿತು.

ಅವನು ಮಾಡಿದ ದೊಡ್ಡ ಬದಲಾವಣೆ ಎಂದರೆ ಹನ್ನೆರಡು ಚುಕ್ಕೆಗಳನ್ನು ಆರಕ್ಕೆ ಇಳಿಸಿದ್ದು. ಎರಡು ಕಂಬ ಸಾಲು, ಒಂದೊಂದರಲ್ಲಿ ಮೂರು ಚುಕ್ಕೆಗಳ ಸ್ಥಾನ. ಎಡಗಡೆ ಮೇಲಿನಿಂದ ಕೆಳಗೆ 1, 2, 3. ಬಲಗಡೆ 4, 5, 6. ಚುಕ್ಕೆಗಳ ನಡುವಿನ ಅಂತರ ಸುಮಾರು ಎರಡೂವರೆ ಮಿಲಿಮೀಟರ್. ಇಡೀ ಮನೆ ಬೆರಳ ತುದಿಯ ಕೆಳಗೆ ಒಮ್ಮೆಗೇ ಅಡಗುತ್ತದೆ. ಎಣಿಸಬೇಕಾಗಿಲ್ಲ, ಲೆಕ್ಕ ಹಾಕಬೇಕಾಗಿಲ್ಲ. ಕಣ್ಣು ಅಕ್ಷರವನ್ನು ಇಡಿಯಾಗಿ ಗುರುತಿಸುವಂತೆ ಬೆರಳೂ ಇಡಿಯಾಗಿ ಗುರುತಿಸುತ್ತದೆ.

ಆರು ಚುಕ್ಕೆ ಸಾಕೇ ಎಂದು ಗಣಿತದ ವಿದ್ಯಾರ್ಥಿಗಳು ಕೇಳಬಹುದು. ಪ್ರತಿ ಸ್ಥಾನದಲ್ಲೂ ಚುಕ್ಕೆ ಇರಬಹುದು ಅಥವಾ ಇಲ್ಲದಿರಬಹುದು. ಎರಡನ್ನು ಆರು ಬಾರಿ ಗುಣಿಸಿದರೆ 64. ಒಂದೂ ಚುಕ್ಕೆ ಇಲ್ಲದ ಖಾಲಿ ಮನೆಯನ್ನು ಬಿಟ್ಟರೆ 63 ಗುರುತುಗಳು ಸಿಗುತ್ತವೆ. ಅಕ್ಷರ, ವಿರಾಮಚಿಹ್ನೆ, ಅಂಕಿ, ಸಂಗೀತ ಎಲ್ಲಕ್ಕೂ ಇವನ್ನೇ ಹಂಚಿಕೊಳ್ಳಬಹುದು. ಕಲಿಯುವವರ ನೆನಪಿಗೆ ಹೊರೆಯಾಗದಂತೆ ಅವನು ಒಂದು ಕ್ರಮವನ್ನೂ ಇಟ್ಟನು. ಮೊದಲ ಹತ್ತು ಅಕ್ಷರಗಳು ಮೇಲಿನ ನಾಲ್ಕು ಚುಕ್ಕೆಗಳಲ್ಲೇ ಮುಗಿಯುತ್ತವೆ. ಅವುಗಳಿಗೆ ಮೂರನೇ ಚುಕ್ಕೆ ಸೇರಿಸಿದರೆ ಮುಂದಿನ ಹತ್ತು ಅಕ್ಷರಗಳು. ಆರನೆಯದನ್ನೂ ಸೇರಿಸಿದರೆ ಅದರ ಮುಂದಿನವು. ಹತ್ತು ಕಲಿತವನು ಉಳಿದದ್ದನ್ನು ಸುಲಭವಾಗಿ ಹಿಡಿಯಬಹುದು. ಇದು ಒಳ್ಳೆಯ ಶಿಕ್ಷಕನ ಬುದ್ಧಿ.

1829ರಲ್ಲಿ ಈ ವಿಧಾನವನ್ನು ವಿವರಿಸುವ ಪುಸ್ತಕ ಪ್ರಕಟವಾಯಿತು. ಅದರಲ್ಲಿ ಚುಕ್ಕೆಗಳ ಜೊತೆಗೆ ಕೆಲವು ಅಡ್ಡಗೆರೆಗಳೂ ಇದ್ದವು. ಬಳಸಿ ನೋಡಿದಾಗ ಗೆರೆಗಳು ಬೆರಳಿಗೆ ತೊಡಕಾದದ್ದರಿಂದ 1837ರ ಎರಡನೇ ಮುದ್ರಣದಲ್ಲಿ ಅವನ್ನು ಕೈಬಿಟ್ಟರು. ತಮ್ಮ ಕೈಯಿಂದಲೇ ಹುಟ್ಟಿದ್ದನ್ನೂ ಪರೀಕ್ಷಿಸಿ ತಿದ್ದಿಕೊಳ್ಳುವ ಗುಣ ಅವರಲ್ಲಿತ್ತು. ಬಾರ್ಬಿಯೆಗೆ ತಾವು ಋಣಿ ಎಂಬುದನ್ನೂ ಆ ಪುಸ್ತಕದಲ್ಲಿ ಅವರು ಮರೆಯದೆ ದಾಖಲಿಸಿದರು.

ಶಿಕ್ಷಕರಾಗಿ, ಸಂಗೀತಗಾರರಾಗಿ

ಬ್ರೈಲ್ ತಾವು ಕಲಿತ ಶಾಲೆಯಲ್ಲೇ 1828ರಲ್ಲಿ ಸಹಾಯಕ ಬೋಧಕರಾಗಿ, 1833ರಲ್ಲಿ ಪೂರ್ಣ ಪ್ರಮಾಣದ ಅಧ್ಯಾಪಕರಾಗಿ ನೇಮಕಗೊಂಡರು. ವ್ಯಾಕರಣ, ಭೂಗೋಳ, ಗಣಿತ, ಸಂಗೀತ ಕಲಿಸುತ್ತಿದ್ದರು. ಆರ್ಗನ್ ವಾದ್ಯದಲ್ಲಿ ಪರಿಣತಿ ಪಡೆದು ಪ್ಯಾರಿಸ್‌ನ ಚರ್ಚಿನಲ್ಲಿ ವಾದಕರೂ ಆಗಿದ್ದರು. ಮಾತು ಕಡಿಮೆ, ಸ್ವಭಾವ ಮೃದು, ಕಷ್ಟದಲ್ಲಿರುವ ವಿದ್ಯಾರ್ಥಿಗೆ ಸದ್ದಿಲ್ಲದೆ ಹಣ ಸಹಾಯ ಮಾಡುವ ಕೈ ಎಂದು ಅವರನ್ನು ಬಲ್ಲವರು ದಾಖಲಿಸಿದ್ದಾರೆ.

ಆಗ ಇನ್ನೊಂದು ಸಮಸ್ಯೆ ಅವರ ಮುಂದೆ ಬಂತು. ಅಂಧರು ಚುಕ್ಕೆಗಳಲ್ಲಿ ಬರೆದ ಪತ್ರವನ್ನು ಮನೆಯಲ್ಲಿರುವ ತಂದೆತಾಯಿ ಓದುವುದು ಹೇಗೆ? ಅವರಿಗೆ ಚುಕ್ಕೆ ತಿಳಿಯದು. ಇದಕ್ಕಾಗಿ 1839ರಲ್ಲಿ ಬ್ರೈಲ್ ಇನ್ನೊಂದು ವಿಧಾನ ಪ್ರಕಟಿಸಿದರು. ಇದರಲ್ಲಿ ಚುಕ್ಕೆಗಳನ್ನು ಒತ್ತೊತ್ತಾಗಿ ಜೋಡಿಸಿ ಸಾಮಾನ್ಯ ಅಕ್ಷರದ ಆಕಾರವನ್ನೇ ಮೂಡಿಸಬಹುದಿತ್ತು. ಕಣ್ಣಿದ್ದವರು ನೋಡಿ ಓದುವರು, ಇಲ್ಲದವರು ಮುಟ್ಟಿ ಓದುವರು. ಕೈಯಿಂದ ಇದನ್ನು ಬರೆಯುವುದು ಬಹಳ ನಿಧಾನವಾದ್ದರಿಂದ, ಅದೇ ಶಾಲೆಯಲ್ಲಿ ಕಲಿತ ಪಿಯೆರ್ ಫುಕೋ ಎಂಬ ಅಂಧ ತಂತ್ರಜ್ಞರು 1841ರಲ್ಲಿ ಹತ್ತು ಗುಂಡಿಗಳ ಯಂತ್ರವೊಂದನ್ನು ನಿರ್ಮಿಸಿದರು. ಗುಂಡಿ ಒತ್ತಿದರೆ ಸೂಜಿ ಇಳಿದು ಚುಕ್ಕೆ ಮೂಡುತ್ತಿತ್ತು. ಬಸ್ ಟಿಕೆಟ್, ಅಂಗಡಿಯ ಬಿಲ್ಲುಗಳನ್ನು ಅಕ್ಷರಗಳನ್ನು ಚುಕ್ಕೆಗಳಾಗಿ ಒಡೆದು ಮುದ್ರಿಸುವ ಯಂತ್ರಗಳು ಬರುವುದಕ್ಕೆ ಬಹಳ ಮೊದಲೇ, ಇಬ್ಬರು ಅಂಧರು ಆ ಉಪಾಯವನ್ನು ಕೆಲಸಕ್ಕೆ ಹಚ್ಚಿದ್ದರು ಎಂಬುದು ಸೋಜಿಗದ ಸಂಗತಿ.

ವಿರೋಧ

ಬ್ರೈಲ್ ಲಿಪಿಗೆ ಮೊದಲಿನಿಂದ ಬೆಂಬಲ ಕೊಟ್ಟಿದ್ದ ನಿರ್ದೇಶಕ ಪಿನ್ಯೆ 1840ರಲ್ಲಿ ಹುದ್ದೆ ಕಳೆದುಕೊಂಡರು. ಅವರ ನಂತರ ಬಂದ ದ್ಯುಫೋ ಈ ಲಿಪಿಯನ್ನು ಶಾಲೆಯಲ್ಲಿ ನಿಲ್ಲಿಸಿ, ಮತ್ತೆ ಉಬ್ಬಿದ ಸಾಮಾನ್ಯ ಅಕ್ಷರಗಳನ್ನೇ ಜಾರಿಗೆ ತಂದರು. ಅಂಧರಿಗೆ ಪ್ರತ್ಯೇಕ ಲಿಪಿ ಕೊಟ್ಟರೆ ಅವರು ಸಮಾಜದಿಂದಲೇ ಪ್ರತ್ಯೇಕವಾಗುತ್ತಾರೆ ಎಂಬುದು ಅವರಂಥವರ ವಾದ. ಕೇಳಲು ಇದು ಸರಿ ಎನಿಸುತ್ತದೆ. ಆದರೆ ಉಬ್ಬಿದ ಅಕ್ಷರ ಸುಲಭವಾಗಿದ್ದದ್ದು ಕಲಿಸುವವರಿಗೆ. ಶಿಕ್ಷಕರು ಹೊಸದಾಗಿ ಏನನ್ನೂ ಕಲಿಯಬೇಕಾಗಿರಲಿಲ್ಲ. ಕಲಿಯುವ ಮಗುವಿನ ಬೆರಳಿಗೆ ಯಾವುದು ಸುಲಭ ಎಂದು ಮಾತ್ರ ಯಾರೂ ಕೇಳಲಿಲ್ಲ.

ಮಕ್ಕಳು ತಮ್ಮ ಉತ್ತರವನ್ನು ತಾವೇ ಕೊಟ್ಟರು. ಚುಕ್ಕೆ ಬರೆಯುವ ಉಪಕರಣಗಳನ್ನು ಕಿತ್ತುಕೊಂಡರೆ ಹೆಣಿಗೆಯ ಕಡ್ಡಿ, ಮೊಳೆ, ಸಿಕ್ಕಿದ ಮೊನೆಯಿಂದ ಗುಟ್ಟಾಗಿ ಬರೆದುಕೊಳ್ಳುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರಿಗೆ ರಾತ್ರಿ ಹೇಳಿಕೊಡುತ್ತಿದ್ದರು. ಶಾಲೆಯ ಉಪಮುಖ್ಯಸ್ಥ ಗಾದೆ ಇದನ್ನು ಗಮನಿಸಿ, ಮಕ್ಕಳ ಪಕ್ಷ ವಹಿಸಿ ನಿರ್ದೇಶಕರ ಮನವೊಲಿಸಿದರು. 1844ರ ಫೆಬ್ರುವರಿಯಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯಲ್ಲಿ, ಒಬ್ಬ ವಿದ್ಯಾರ್ಥಿ ಹೇಳಿದ್ದನ್ನು ಕೇಳಿ ಚುಕ್ಕೆಗಳಲ್ಲಿ ಬರೆದುಕೊಂಡು, ಅದನ್ನು ಕೇಳಿರದ ಇನ್ನೊಬ್ಬ ವಿದ್ಯಾರ್ಥಿ ಬಂದು ತಡವರಿಸದೆ ಓದಿ ತೋರಿಸಿದಾಗ ಸಭೆ ಬೆರಗಾಯಿತು.

ಈ ಹೊತ್ತಿಗೆ ಬ್ರೈಲ್ ಅವರ ಆರೋಗ್ಯ ಕೆಟ್ಟಿತ್ತು. 26ನೇ ವಯಸ್ಸಿನ ಸುಮಾರಿನಿಂದಲೇ ಕ್ಷಯ ಅವರನ್ನು ಕಾಡುತ್ತಿತ್ತು. ಕೊನೆಕೊನೆಗೆ ಪಾಠ ಮಾಡುವ ಶಕ್ತಿಯೂ ಉಳಿಯಲಿಲ್ಲ. 1852ರ ಜನವರಿ 6ರಂದು, 43 ವರ್ಷ ತುಂಬಿದ ಎರಡೇ ದಿನಕ್ಕೆ, ಅವರು ತೀರಿಕೊಂಡರು. 1854ರಲ್ಲಿ ಅವರ ಶಾಲೆ ಈ ಲಿಪಿಯನ್ನು ಅಧಿಕೃತವಾಗಿ ಸ್ವೀಕರಿಸಿತು. 1878ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ಇದನ್ನೇ ಅಂಧರ ಲಿಪಿಯಾಗಿ ಒಪ್ಪಿತು. ಅವರ ಮರಣದ ನೂರು ವರ್ಷಗಳ ನಂತರ, 1952ರಲ್ಲಿ, ಫ್ರಾನ್ಸ್ ಸರ್ಕಾರ ಅವರ ಅವಶೇಷಗಳನ್ನು ದೇಶದ ಮಹಾಪುರುಷರ ಸಮಾಧಿಭವನವಾದ ಪ್ಯಾಂಥಿಯನ್‌ಗೆ ತಂದಿತು. ಕೈಗಳನ್ನು ಮಾತ್ರ ಹುಟ್ಟೂರು ಕೂವ್ರೆಯಲ್ಲೇ ಉಳಿಸಿಕೊಂಡರು. ಓದಿದ್ದೂ ಬರೆದದ್ದೂ ಆ ಕೈಗಳೇ ಅಲ್ಲವೇ?

ಭಾರತದಲ್ಲಿ ಬ್ರೈಲ್: ಒಂದೇ ಲಿಪಿ, ಹಲವು ಭಾಷೆ

ಭಾರತದಲ್ಲಿ ಅಂಧರ ಮೊದಲ ಶಾಲೆ 1887ರಲ್ಲಿ ಅಮೃತಸರದಲ್ಲಿ ಆರಂಭವಾಯಿತು. 20ನೇ ಶತಮಾನದ ಆದಿಯಲ್ಲೇ ಮೈಸೂರಿನಲ್ಲೂ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಬಂತು. ಆದರೆ ನಮ್ಮ ದೇಶದಲ್ಲಿ ಭಾಷೆಗಳು ಹಲವು. ಒಂದೊಂದು ಕಡೆ ಒಂದೊಂದು ರೀತಿಯ ಚುಕ್ಕೆ ಜೋಡಣೆ ಬಳಕೆಗೆ ಬಂದು ಗೊಂದಲವಾಯಿತು. ಒಂದು ಊರಿನಲ್ಲಿ ಕಲಿತವನಿಗೆ ಇನ್ನೊಂದು ಊರಿನ ಪುಸ್ತಕ ತಿಳಿಯದು. ಸ್ವಾತಂತ್ರ್ಯಾನಂತರ ಯುನೆಸ್ಕೋ ನೆರವಿನಿಂದ ಚರ್ಚೆಗಳು ನಡೆದು, 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ರೂಪುಗೊಂಡಿತು. ಯಾವ ಭಾಷೆಯೇ ಇರಲಿ, ಒಂದೇ ಧ್ವನಿಗೆ ಸಾಧ್ಯವಾದಷ್ಟು ಒಂದೇ ಗುರುತು ಎಂಬುದು ಇದರ ತತ್ವ.

ಕನ್ನಡ ಮತ್ತು ಉರ್ದು ಎರಡನ್ನೂ ಕಲಿಸುವವರಿಗೆ ಇದು ಎಷ್ಟು ಸೊಗಸಾದ ಏರ್ಪಾಡು ಎಂಬುದು ಕೂಡಲೇ ತಿಳಿಯುತ್ತದೆ. ಕನ್ನಡದ ಕ ಅಕ್ಷರಕ್ಕೆ 1 ಮತ್ತು 3ನೇ ಚುಕ್ಕೆ. ಉರ್ದುವಿನ ಕಾಫ್‌ಗೂ ಅವೇ. ತಮಿಳು, ತೆಲುಗಿನ ಕ ಅಕ್ಷರಕ್ಕೂ, ಇಂಗ್ಲಿಷಿನ ಕೆ ಅಕ್ಷರಕ್ಕೂ ಅವೇ. ಅದಕ್ಕೆ 4ನೇ ಚುಕ್ಕೆ ಸೇರಿಸಿದರೆ ಮ, ಅಂದರೆ ಉರ್ದುವಿನ ಮೀಮ್. 5ನೆಯದನ್ನೂ ಸೇರಿಸಿದರೆ ನ, ಅಂದರೆ ನೂನ್. ಉಪ್ಪಿಗೆ ಉರ್ದುವಿನಲ್ಲಿ ಹೇಳುವ ನಮಕ್ ಎಂಬ ಪದವನ್ನು ನೂನ್, ಮೀಮ್, ಕಾಫ್ ಎಂದು ಬರೆದರೂ, ಕನ್ನಡದಲ್ಲಿ ನ, ಮ, ಕ ಎಂದು ಬರೆದರೂ ಬೆರಳಿಗೆ ಸಿಗುವುದು ಒಂದೇ ಮೂರು ಗುರುತು. ಕನ್ನಡ, ಉರ್ದು, ತಮಿಳು, ತೆಲುಗು, ಇಂಗ್ಲಿಷ್ ಒಂದೇ ಬೀದಿಯಲ್ಲಿ ಕೇಳಿಬರುವ ಕೆ.ಜಿ.ಎಫ್., ಬಂಗಾರಪೇಟೆಗಳಂತಹ ಊರಿನಲ್ಲಿ ಕಣ್ಣಿರುವ ಮಗು ಐದು ಬೇರೆ ಬೇರೆ ಲಿಪಿಗಳನ್ನು ಕಲಿಯಬೇಕು. ಅಂಧ ಮಗುವಿಗೆ ಆರು ಚುಕ್ಕೆಗಳ ಒಂದೇ ಬುನಾದಿ ಸಾಕು.

ದಿಕ್ಕಿನ ವಿಷಯವೂ ಸ್ವಾರಸ್ಯಕರ. ಉರ್ದುವನ್ನು ಬಲದಿಂದ ಎಡಕ್ಕೆ, ಕನ್ನಡವನ್ನು ಎಡದಿಂದ ಬಲಕ್ಕೆ ಓದುತ್ತೇವೆ. ಬ್ರೈಲ್‌ನಲ್ಲಿ ಎರಡನ್ನೂ ಎಡದಿಂದ ಬಲಕ್ಕೇ ಓದುತ್ತಾರೆ. ಅರಬ್ಬಿ ಬ್ರೈಲ್ ಕೂಡ ಹೀಗೆಯೇ. ಬ್ರೈಲ್ ಲಿಪಿಯಲ್ಲಿರುವ ಪವಿತ್ರ ಕುರ್‌ಆನ್ ಪ್ರತಿಗಳನ್ನೂ ಬೆರಳು ಎಡದಿಂದ ಬಲಕ್ಕೆ ಓದುತ್ತದೆ. ಆದರೆ ಕೈಹಲಗೆ ಮತ್ತು ಮೊನೆಕಡ್ಡಿಯಿಂದ ಬರೆಯುವಾಗ ಕಾಗದದ ಹಿಂಬದಿಯಿಂದ ಒತ್ತಬೇಕಾದ್ದರಿಂದ, ಎಲ್ಲ ಭಾಷೆಗಳನ್ನೂ ಬಲದಿಂದ ಎಡಕ್ಕೆ ಬರೆಯುತ್ತಾರೆ. ಕಾಗದವನ್ನು ಮಗುಚಿದಾಗ ಚುಕ್ಕೆಗಳು ಸರಿಯಾದ ದಿಕ್ಕಿಗೆ ಬರುತ್ತವೆ.

ಚುಕ್ಕೆಯಿಂದ ಯಂತ್ರಕ್ಕೆ

ಭಾರತಿ ಬ್ರೈಲ್ ಬಂದ 1951ರಲ್ಲೇ ಅಮೆರಿಕದಲ್ಲಿ ಪರ್ಕಿನ್ಸ್ ಬ್ರೈಲರ್ ಎಂಬ ಬೆರಳಚ್ಚು ಯಂತ್ರ ಬಳಕೆಗೆ ಬಂತು. ಇದರಲ್ಲಿ ಆರು ಚುಕ್ಕೆಗೆ ಆರು ಗುಂಡಿ. ಬೇಕಾದ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಅಕ್ಷರ. ಕಂಪ್ಯೂಟರ್ ಬಂದ ಮೇಲೆ, ಪುಟ್ಟ ಕಡ್ಡಿಗಳು ಮೇಲೆದ್ದು ಕೆಳಗಿಳಿದು ಸಾಲುಸಾಲಾಗಿ ಅಕ್ಷರ ತೋರಿಸುವ ಬ್ರೈಲ್ ಫಲಕಗಳು ಬಂದವು. ಈಗ ಮೊಬೈಲಿನ ಗಾಜಿನ ಮೇಲೆಯೇ ಆರು ಬೆರಳಿಟ್ಟು ಬ್ರೈಲ್‌ನಲ್ಲಿ ಟೈಪ್ ಮಾಡುವ ಸೌಲಭ್ಯವೂ ಇದೆ. ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ಎನ್.ವಿ.ಡಿ.ಎ. ಎಂಬ ಉಚಿತ ತಂತ್ರಾಂಶವನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್, ಸ್ವತಃ ಅಂಧರು. ಅವರ ಜೊತೆಗೂಡಿದ ಜೇಮ್ಸ್ ಟೆ ಕೂಡ ಅಂಧರೇ. ಬಳಸುವವನೇ ತಯಾರಿಸಿದಾಗ ವಸ್ತು ಎಷ್ಟು ಚೆನ್ನಾಗಿರುತ್ತದೆ ಎಂಬುದಕ್ಕೆ ಇದು ಈ ಕಾಲದ ಉದಾಹರಣೆ.

ನಮ್ಮ ನಿತ್ಯದ ಬದುಕಿನಲ್ಲೂ ಈ ಚಿಂತನೆಯ ಗುರುತುಗಳಿವೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇ.ಸಿ.ಐ.ಎಲ್. ತಯಾರಿಸುವ ಮತಯಂತ್ರಗಳಲ್ಲಿ ಅಭ್ಯರ್ಥಿಗಳ ಗುಂಡಿಯ ಪಕ್ಕದಲ್ಲಿ ಕ್ರಮಸಂಖ್ಯೆ ಬ್ರೈಲ್‌ನಲ್ಲಿದೆ. ಅಂಧ ಮತದಾರರು ಬ್ರೈಲ್ ಮಾದರಿ ಮತಪತ್ರವನ್ನು ಓದಿ, ಯಂತ್ರದ ಸಂಖ್ಯೆಯನ್ನು ಮುಟ್ಟಿ, ಯಾರ ನೆರವೂ ಇಲ್ಲದೆ ಗುಪ್ತವಾಗಿ ಮತ ಹಾಕಬಹುದು. 500 ರೂಪಾಯಿ ನೋಟಿನ ಅಂಚಿನಲ್ಲಿ ಐದು ಉಬ್ಬುಗೆರೆ, 100 ರೂಪಾಯಿಯಲ್ಲಿ ನಾಲ್ಕು. 2014ರ ಜುಲೈನಿಂದ ಹೊಸದಾಗಿ ಸ್ಥಾಪಿಸುವ ಎ.ಟಿ.ಎಂ.ಗಳು ಮಾತನಾಡುವಂತಿರಬೇಕು, ಗುಂಡಿಗಳಲ್ಲಿ ಬ್ರೈಲ್ ಇರಬೇಕು ಎಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ. 2009ರಲ್ಲಿ ಬ್ರೈಲ್ ಅವರ ದ್ವಿಶತಮಾನೋತ್ಸವಕ್ಕೆ ಭಾರತ ಸರ್ಕಾರ ಅವರ ಚಿತ್ರವಿರುವ ಎರಡು ರೂಪಾಯಿ ನಾಣ್ಯವನ್ನೂ ಹೊರತಂದಿತು.

ಆದರೂ ಹಳೆಯ ತಪ್ಪು ಹೊಸ ರೂಪದಲ್ಲಿ ಬರುತ್ತಲೇ ಇದೆ. ಗುಂಡಿ ಇಲ್ಲದ ನುಣುಪು ಗಾಜಿನ ಯಂತ್ರಗಳು ಅಂಗಡಿಗಳಿಗೂ ಮನೆಗಳಿಗೂ ಬಂದಿವೆ. ಹಳೆಯ ಫೋನಿನ 5ನೇ ಗುಂಡಿಯ ಮೇಲೆ ಇದ್ದ ಒಂದು ಪುಟ್ಟ ಉಬ್ಬು ಅಂಧರಿಗೆ ಇಡೀ ಫಲಕದ ದಾರಿ ತೋರುತ್ತಿತ್ತು. ಗಾಜಿನ ಮೇಲೆ ಆ ದಾರಿಗುರುತಿಲ್ಲ. ಮಾತನಾಡದ ಗಾಜಿನ ಯಂತ್ರದಲ್ಲಿ ಅಂಧರು ತಮ್ಮ ರಹಸ್ಯ ಸಂಖ್ಯೆಯನ್ನು ಬೇರೆಯವರಿಗೆ ಹೇಳಿ ಒತ್ತಿಸಿಕೊಳ್ಳಬೇಕಾಗುತ್ತದೆ.

ಶಿಕ್ಷಕರು, ಪೋಷಕರು ಗಮನಿಸಬೇಕಾದದ್ದು

ಈಗ ಮೊಬೈಲ್ ಪಾಠವನ್ನು ಓದಿ ಹೇಳುತ್ತದೆ, ಪರೀಕ್ಷೆಗೆ ಬರೆದುಕೊಡುವ ಸಹಾಯಕರು ಸಿಗುತ್ತಾರೆ, ಇನ್ನು ಬ್ರೈಲ್ ಕಲಿಯುವ ಕಷ್ಟ ಏಕೆ ಎಂದು ಹಲವರು ಕೇಳುತ್ತಾರೆ. ಇವೆಲ್ಲ ಒಳ್ಳೆಯ ಸೌಲಭ್ಯಗಳೇ. ಆದರೆ ಬಾರ್ಬಿಯೆಯ ಬರವಣಿಗೆಯ ಎರಡನೇ ಕೊರತೆಯನ್ನು ನೆನಪಿಸಿಕೊಳ್ಳಿ. ಅದು ಧ್ವನಿಯನ್ನು ಮಾತ್ರ ಕೊಡುತ್ತಿತ್ತು, ಕಾಗುಣಿತವನ್ನು ಕೊಡುತ್ತಿರಲಿಲ್ಲ. ಕೇಳಿಯೇ ಕಲಿಯುವ ಮಗುವಿನ ಸ್ಥಿತಿಯೂ ಅದೇ. ಸಲೀಮ್, ಸಾದಿಕ್, ಸಾಬಿತ್ ಎಂಬ ಮೂರು ಹೆಸರುಗಳ ಮೊದಲ ಧ್ವನಿ ನಮ್ಮ ಕಿವಿಗೆ ಒಂದೇ. ಉರ್ದುವಿನಲ್ಲಿ ಬರೆಯುವಾಗ ಒಂದಕ್ಕೆ ಸೀನ್, ಒಂದಕ್ಕೆ ಸ್ವಾದ್, ಒಂದಕ್ಕೆ ಸೇ. ನಮ್ಮ ಕಡೆಯ ಆಡುಮಾತಿನಲ್ಲಿ ಹಳ್ಳಿ ಎಂಬುದು ಅಳ್ಳಿ ಎಂದೂ ಕೇಳಿಸುತ್ತದೆ, ಲಕಾರ ಳಕಾರಗಳು ಕಲೆತುಹೋಗುತ್ತವೆ. ಈ ವ್ಯತ್ಯಾಸ ಕಿವಿಗೆ ಸಿಗದು. ಪುಸ್ತಕದಲ್ಲಿ ಕಣ್ಣಿಗೆ ಸಿಗುತ್ತದೆ, ಬ್ರೈಲ್‌ನಲ್ಲಿ ಬೆರಳಿಗೆ ಸಿಗುತ್ತದೆ. ಕೇಳುವುದರಿಂದ ವಿಷಯ ತಿಳಿಯುತ್ತದೆ. ಅಕ್ಷರಸ್ಥರಾಗಲು ಓದಬೇಕು, ತಾವೇ ಬರೆಯಬೇಕು, ಬರೆದದ್ದನ್ನು ತಾವೇ ಓದಿ ತಿದ್ದಬೇಕು. 15 ವರ್ಷದ ಹುಡುಗ ತನ್ನ ಲಿಪಿಯಿಂದ ಸಾಧಿಸಿದ್ದು ಇದನ್ನೇ.

ಆದ್ದರಿಂದ ನಮ್ಮ ನೆರೆಹೊರೆಯಲ್ಲಿ ದೃಷ್ಟಿ ಇಲ್ಲದ ಅಥವಾ ದೃಷ್ಟಿ ಕುಂದುತ್ತಿರುವ ಮಗುವಿದ್ದರೆ ಮನೆಯಲ್ಲೇ ಇರಿಸಿಕೊಳ್ಳಬಾರದು. ತಾಲ್ಲೂಕಿನ ಬಿ.ಆರ್.ಸಿ. ಕಚೇರಿಯನ್ನು ಸಂಪರ್ಕಿಸಿದರೆ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕರ ಮಾರ್ಗದರ್ಶನ ದೊರೆಯುತ್ತದೆ. ಶಿಕ್ಷಕರು ಆ ಮಗುವಿಗಾಗಿ ಏನಾದರೂ ಏರ್ಪಾಡು ಮಾಡುವ ಮೊದಲು, ಇದರಿಂದ ನಿನಗೆ ಅನುಕೂಲವಾಗುತ್ತದೆಯೇ ಎಂದು ಮಗುವನ್ನೇ ಕೇಳಬೇಕು. ಆಗುವುದಿಲ್ಲ ಎಂದು ಮಗು ಹೇಳಿದರೆ ಅದನ್ನು ಉದ್ಧಟತನ ಎಂದು ಭಾವಿಸಬಾರದು. ಎಂಜಿನಿಯರಿಂಗ್ ಓದಲಿರುವ ನಮ್ಮ ವಿದ್ಯಾರ್ಥಿಗಳು ಮುಂದೆ ಯಂತ್ರವನ್ನೋ ಮೊಬೈಲ್ ಆ್ಯಪನ್ನೋ ತಯಾರಿಸುವಾಗ, ಅದನ್ನು ಬಳಸಲಿರುವ ಒಬ್ಬ ಅಂಧರನ್ನು, ಒಬ್ಬ ವೃದ್ಧರನ್ನು, ಅಕ್ಷರ ಬಾರದ ಒಬ್ಬ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಮಾಡಲಿ. ಜನವರಿ 4ರಂದು ಪ್ರತಿ ವರ್ಷ ಆಚರಿಸುವ ವಿಶ್ವ ಬ್ರೈಲ್ ದಿನಕ್ಕೆ ನಮ್ಮ ಶಾಲೆಗಳಲ್ಲಿ ಇದಕ್ಕಿಂತ ಒಳ್ಳೆಯ ಸಂಕಲ್ಪ ಬೇರೊಂದಿಲ್ಲ.